ಅಪ್‌ಡೇಟ್: ಯಕ್ಷಗಾನದ ಫೋಟೋ ಮಸುಕಾಗುತ್ತಿದ್ದ ಪ್ರಶ್ನೆಗೆ

ರಾತ್ರಿ ಆಟದ ಫೋಟೋಗಳಲ್ಲಿ ವೇಷ ಅಲುಗಾಡಿದಂತೆ ಬರುತ್ತದೆ, ಮುಖದ ಬಣ್ಣವೆಲ್ಲ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ ಎಂದು ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಎರಡೂ ಸರಿಹೋಗಿವೆ.

ಮಸುಕಿಗೆ ಕಾರಣ ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆಗೇ ಬರುವ ಲೆನ್ಸ್. ಪೂರ್ತಿ ಜೂಮ್ ಮಾಡಿದ 55 ಎಂಎಂ ತುದಿಯಲ್ಲಿ ಅದು ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೆರೆಯುವುದು ಹೆಚ್ಚು). 50 ಎಂಎಂ ಎಫ್/1.8 ಲೆನ್ಸನ್ನು ಎಫ್/2.2ಕ್ಕೆ ಇಟ್ಟರೆ ಆರು ಪಟ್ಟಿಗಿಂತ ಹೆಚ್ಚು ಬೆಳಕು. ಈಗ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200, ಕುಣಿತಕ್ಕೆ ಶಟರ್ 1/320 ಸೆಕೆಂಡ್, ಅರ್ಥಗಾರಿಕೆಗೆ (ಮಾತಿನ ಭಾಗಕ್ಕೆ) 1/100. ದಿಗಿಣಕ್ಕೆ (ಹಾರಿ ಸುತ್ತುವ ಕುಣಿತಕ್ಕೆ) 1/320 ಕೂಡ ಸಾಲದು. ಮುಕ್ತಾಯದ ಪೆಟ್ಟು ಬಿದ್ದಾಗ ಕಲಾವಿದರು ಗಕ್ಕನೆ ನಿಲ್ಲುವ ಕ್ಷಣಕ್ಕೆ ಕಾಯುವುದೇ ಮೇಲು. ಚೆಂಡೆ ಕೇಳುತ್ತಿದ್ದರೆ ಅದು ಮೊದಲೇ ಗೊತ್ತಾಗುತ್ತದೆ.

ಮುಖ ಸುಡುತ್ತಿದ್ದುದು ಮೀಟರಿಂಗ್‌ನಿಂದ, ಅಂದರೆ ಕ್ಯಾಮೆರಾ ತಾನೇ ಬೆಳಕು ಅಳೆಯುವುದರಿಂದ. ಹಿಂದಿನ ಕತ್ತಲನ್ನೂ ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸುತ್ತಿತ್ತು. ಮ್ಯಾನುವಲ್ ಮೋಡ್‌ಗೆ ಬದಲಿಸಿ, ಹಿಸ್ಟೋಗ್ರಾಮ್ (ಚಿತ್ರದ ಬೆಳಕು-ಕತ್ತಲೆ ತೋರಿಸುವ ಗ್ರಾಫ್) ಬಲತುದಿಗೆ ಒತ್ತಿಕೊಳ್ಳದಂತೆ ಒಮ್ಮೆ ಹೊಂದಿಸಿದರೆ ಮುಗಿಯಿತು, ರಂಗದ ದೀಪ ಬದಲಾಗುವವರೆಗೆ. ಕಿರೀಟದ ಮಿನುಗು ಒಂದಿಷ್ಟು ಸುಟ್ಟರೆ ಸುಡಲಿ, ಕೆನ್ನೆಯ ಚುಟ್ಟಿ (ಬಿಳಿ ಚುಕ್ಕಿಗಳ ಅಲಂಕಾರ) ಉಳಿದರೆ ಸಾಕು.

ಯಾರೂ ಹೇಳದ ಒಂದು ತೊಂದರೆ: ಅಗ್ಗದ ಎಲ್‌ಇಡಿ ದೀಪದಡಿ 1/320ರಲ್ಲಿ ಅಡ್ಡ ಪಟ್ಟೆ ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಇಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಮಾಯ, ಆದರೆ ಕುಣಿತ ಮತ್ತೆ ಮಸುಕು. ಕ್ಯಾಮೆರಾ ಮೆನುವಿನಲ್ಲಿ ಆಂಟಿ-ಫ್ಲಿಕರ್ (ಮಿಣುಕು ತಡೆಯುವ ಸೌಲಭ್ಯ) ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಐದಾರು ಫೋಟೋ ಒಟ್ಟಿಗೆ ಹೊಡೆದು ಒಳ್ಳೆಯದನ್ನು ಆರಿಸಿಕೊಳ್ಳಬೇಕಷ್ಟೆ.