ಪದ ಬೇಕು: ಹಳೇ ಹ್ಯಾಂಡ್ ಟೂಲ್‌ಗಳ ಕೋಣೆಯ ಬೋರ್ಡಿಗೆ (ಅರ್ಜೆಂಟು)

ಸಕಲೇಶಪುರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಮರಗೆಲಸದ ಸಾಮಾನು ಒಂದು ಪೆಟ್ಟಿಗೆಯಷ್ಟಿತ್ತು. ನಾನು ಗುಜರಿ ಅಂಗಡಿ ಸುತ್ತಿ ಸುತ್ತಿ ಈಗ ಕಾಫಿ ಗೋಡೌನಿನ ಪಕ್ಕದ ಕೋಣೆ ತುಂಬಿದೆ. ಶೆಫೀಲ್ಡ್ ಮುದ್ರೆಯ ಉಳಿಗಳು, ಸ್ಟ್ಯಾನ್ಲಿ ಕಂಪನಿಯ ನಾಲ್ಕನೇ ನಂಬರಿನ ಕೀಸುಳಿ (ಮರ ಹೆರೆದು ನುಣುಪು ಮಾಡುವುದು), ಇಬ್ಬರು ಎಳೆಯುವ ಗರಗಸ, ಬೈರಿಗೆ, ಹಿಡಿ ಸವೆದು ಹೆಬ್ಬೆರಳಿನ ಗುಳಿ ಬಿದ್ದ ಒಂದು ಕೊಡತಿ. ಮಳೆಗಾಲ ಪೆಟ್ಟಿಗೆಯಲ್ಲಿ ಕಳೆದದ್ದಕ್ಕೆಲ್ಲ ತುಕ್ಕು, ಹಿಡಿಗಳಿಗೆ ಬೂಷ್ಟು. ಅದಕ್ಕೇ ಎಣ್ಣೆ ಒರೆಸಿ, ಗೋಡೆಗೆ ಹಲಗೆ ಹೊಡೆದು, ಗೂಟಕ್ಕೆ ನೇತುಹಾಕುತ್ತಿದ್ದೇನೆ. ಪ್ರತಿಯೊಂದರ ಹಿಂದೆ ಅದರದೇ ಆಕಾರ ಬಣ್ಣದಲ್ಲಿ ಬರೆದಿದೆ. ಯಾರು ಏನು ಎತ್ತಿಕೊಂಡು ಹೋದರೂ ಗೋಡೆಯೇ ಹೇಳುತ್ತದೆ.

ನಾಳೆ ಹನ್ನೊಂದಕ್ಕೆ ಪೇಂಟರ್ ಬರುತ್ತಾರೆ. ‘ಹಸ್ತೋಪಕರಣ ಸಂಗ್ರಹ’ ಅಂತ ಬರೆದು ತೋರಿಸಿದೆ. ನಮ್ಮ ಆಚಾರ್ರು ‘ಇದು ಯಾವ ಆಸ್ಪತ್ರೇದು ಸ್ವಾಮಿ?’ ಅಂದರು. ಎರಡು ಪದ ಬೇಕು: ಹ್ಯಾಂಡ್ ಟೂಲಿಗೆ ಒಂದು, ಆ ಗೂಟದ ಹಲಗೆಗೆ ಒಂದು.

ಅರಸೀಕೆರೆಯಿಂದ

ಹಸ್ತೋಪಕರಣ ಹುಟ್ಟುವಾಗಲೇ ಸತ್ತ ಪದ. ಕನ್ನಡದಲ್ಲಿ ‘ಮುಟ್ಟು’ ಇದೆ. ಒಕ್ಕಲುತನದ ಮುಟ್ಟು, ಕಮ್ಮಾರನ ಮುಟ್ಟು. ‘ಕೈಮುಟ್ಟುಗಳ ಮನೆ’ ಅಂತ ಬರೆಸಿ. ಮುಗಿಯಿತು.

ಚಿಕ್ಕಮಗಳೂರಿನಿಂದ

ಮೇಷ್ಟ್ರೇ, ನಿಘಂಟಿನಲ್ಲಿದೆ, ಒಪ್ಪಿದೆ. ಬೋರ್ಡು ಓದುವವರು ನಿಘಂಟು ಕಂಕುಳಲ್ಲಿಟ್ಟುಕೊಂಡು ಬರುತ್ತಾರೆಯೇ? ಬಾಗಿಲ ಮೇಲೆ ‘ಹಳೇ ಮುಟ್ಟು’ ಅಂತಿದ್ದರೆ ನಾವು ಹೆಂಗಸರು ಒಳಗೆ ಬರುವುದೋ ಹೊರಗೆ ಕೂರುವುದೋ, ನೀವೇ ಹೇಳಿ. ‘ಹತ್ಯಾರ’ ಅನ್ನಿ. ಗ್ಯಾರೇಜಿನ ಹುಡುಗನಿಂದ ಬಡಗಿಯವರೆಗೆ ಎಲ್ಲರ ಬಾಯಲ್ಲೂ ಇದೆ.

ಅರಸೀಕೆರೆಯಿಂದ

ಹತ್ಯಾರ ಹಿಂದಿ. ಮೇಲಾಗಿ ಹತ್ಯೆಯ ವಾಸನೆ. ಬೇಡ.

ಹಾಸನದಿಂದ

ಹತ್ಯೆಗೂ ಅದಕ್ಕೂ ಯಾವ ನಂಟೂ ಇಲ್ಲ. ಹಿಂದಿಯ ಹಾಥ್, ಅದರ ಹಿಂದೆ ಸಂಸ್ಕೃತದ ಹಸ್ತ. ಅಂದರೆ ಕೇಳಿದವರಿಗೆ ಬೇಕಾದ ‘ಕೈ’ ಅದರೊಳಗೇ ಇದೆ. ‘ಕೈ ಹತ್ಯಾರ’ ಅಂತ ಮಾತ್ರ ಬರೆಸಬೇಡಿ, ಕೈ ಎರಡೆರಡಾಗುತ್ತದೆ.

ಎರವಲು ಬೇಡ ಅನ್ನುವವರು ಮೊದಲು ಗರಗಸ ಕೆಳಗಿಡಲಿ, ಅದು ಸಂಸ್ಕೃತದ ಕ್ರಕಚದ ತದ್ಭವ. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಉಳಿ ಹಿಡಿದ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನನ್ನು ‘ರೂವಾರಿ’ ಎಂದು ಕೊಂಡಾಡುತ್ತೇವಲ್ಲ, ಅದೂ ಸಂಸ್ಕೃತದ ರೂಪಕಾರನೇ. ಉಳಿ ಒಂದು ಅಚ್ಚಗನ್ನಡ, ಹಿಡಿದವನು ಎರವಲು! ಏನು ಮಾಡೋಣ?

ಅರಸೀಕೆರೆಯಿಂದ

ತದ್ಭವ ಬೇರೆ, ಎರವಲು ಬೇರೆ. ಬಾಯಲ್ಲಿ ಸವೆದು ನಮ್ಮದಾದದ್ದು ನಮ್ಮದು. ಇಷ್ಟೂ ತಿಳಿಯದವರ ಜೊತೆ ಏನು ಮಾತು.

ಹಾಸನದಿಂದ

ಹಿಂದಿಯ ಹಥಿಯಾರ್ ಸವೆದೇ ಅಲ್ಲವೇ ಹತ್ಯಾರ ಆದದ್ದು? ಎಷ್ಟು ವರ್ಷ ಸವೆಯಬೇಕು, ಲೆಕ್ಕ ಕೊಡಿ.

ಮೂಡಿಗೆರೆಯಿಂದ

ಹಲಗೆಯ ಪ್ರಶ್ನೆ ಹಾಗೇ ಬಿತ್ತು. ಹಳೇ ಮನೆಗಳಲ್ಲಿ ಗೋಡೆಯ ಗೂಟಕ್ಕೆ ಗಿಳಿಗೂಟ ಅನ್ನುತ್ತಿದ್ದರು, ಅಂಗಿ ಕೊಡೆ ನೇತುಹಾಕಲಿಕ್ಕೆ. ನಾಗಂದಿಗೆ ಅಂದರೆ ಮೇಲೆ ಇಡುವ ಹಲಗೆ, ನೇತುಹಾಕುವುದಲ್ಲ. ಹಾಗಾಗಿ ನಿಮ್ಮದು ‘ಗಿಳಿಗೂಟದ ಹಲಗೆ’.

ಪದದ ಮಾತು ಬಿಟ್ಟು ಇನ್ನೊಂದು. ಆ ಸ್ಟ್ಯಾನ್ಲಿಯನ್ನು ದಯವಿಟ್ಟು ಗೂಟಕ್ಕೆ ಹಾಕಬೇಡಿ. ಮೈ ಬೀಡು ಕಬ್ಬಿಣದ್ದು, ಸಿಮೆಂಟು ನೆಲಕ್ಕೆ ಒಮ್ಮೆ ಬಿದ್ದರೆ ಬಿರುಕು ಬಿಡುತ್ತದೆ. ಅಲಗು ಒಳಗೆಳೆದು ನಾಗಂದಿಗೆಯ ಮೇಲೆ ಇಡಿ. ಗೋಡೆ ಒದ್ದೆಯಾಗುತ್ತಿದ್ದರೆ ಹಲಗೆಗೂ ಗೋಡೆಗೂ ನಡುವೆ ಒಂದು ಬೆರಳು ಸಂದು ಬಿಡಿ, ಗಾಳಿಯಾಡಲಿ.

ಸಕಲೇಶಪುರದಿಂದ

ಉಪಕಾರವಾಯಿತು. ಕೀಸುಳಿ ಇಳಿಸಿದೆ. ಹಲಗೆಗೆ ಗಿಳಿಗೂಟವೇ ಖಾಯಂ. ಪೇಂಟರ್ ಬಂದು ಹೋದರು. ‘ಹಳೇ ಹತ್ಯಾರದ ಕೋಣೆ’ ಎಂದು ಚೀಟಿ ಕೊಟ್ಟಿದ್ದೆ. ಯ ಒತ್ತು ಬರೆಯುವ ಕಡೆ ತ ಒತ್ತು ಬರೆದಿದ್ದಾರೆ. ಈಗ ‘ಹಳೇ ಹತ್ತಾರದ ಕೋಣೆ’. ಆಚಾರ್ರು ಎಣಿಸಿ ನೋಡಿ ‘ಹತ್ತಾರಲ್ಲ, ನೂರಾ ಅರವತ್ತು’ ಅಂದರು. ಅಳಿಸಿ ಬರೆಸಲೋ?

ಹಾಸನದಿಂದ

ಇರಲಿ ಬಿಡಿ. ಅರಸೀಕೆರೆಯವರು ಹೇಳಿದ ಸವೆತ ಇದೇ.

ಅರಸೀಕೆರೆಯಿಂದ

ಅಳಿಸಿ.