ಹನ್ನೊಂದಕ್ಕೆ ಡಾಕ್ಟರ್ ಕರೆಯುತ್ತಾರೆ

ಗುಂಪು: ನಮ್ಮ ಮನೆ ಮಂದಿ

ನಾಗರಾಜ ಚಿಕ್ಕಪ್ಪ, ರಾತ್ರಿ 9:42
(ಫೋಟೊ: ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಪೇಪರ್ ಕಟಿಂಗ್)
ಎಲ್ಲರೂ ಓದಿ. ಯಂತ್ರದಿಂದ ಜೀವ ಹಿಡಿದಿಡುವುದನ್ನು ನಿಲ್ಲಿಸಬಹುದು ಅಂತ 2025ರ ಜನವರಿ 30ರಂದು ನಮ್ಮ ರಾಜ್ಯದಲ್ಲೇ ಆದೇಶ ಆಗಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಎಷ್ಟೋ ವರ್ಷ ಹೋರಾಡಿದ ವಿಷಯ ಇದು.

ಶಾರದತ್ತೆ, 9:44
ಥೂ ನಾಗ! ಅಣ್ಣ ಒಂಬತ್ತು ದಿನದಿಂದ ವೆಂಟಿಲೇಟರ್‌ನಲ್ಲಿ ಮಲಗಿದ್ದಾನೆ. ಇಂಥದ್ದನ್ನು ಹಾಕುವ ಹೊತ್ತಾ ಇದು? ಐಸಿಯು ಬಾಗಿಲಲ್ಲಿ ಕೂತಿರುವ ವಸು ಇದನ್ನು ಓದುವುದಿಲ್ಲವಾ? ಮೊದಲು ತೆಗಿ.

ನಾಗರಾಜ ಚಿಕ್ಕಪ್ಪ, 9:49
ಇನ್ನು ಯಾವಾಗ ಹಾಕಲಿ ಅಕ್ಕ? ನಾಳೆ ಕುತ್ತಿಗೆಗೆ ತೂತು ಮಾಡುತ್ತಾರಂತೆ. ಯುಗಾದಿ ದಿನ ಊಟಕ್ಕೆ ಕೂತಾಗ ಅಣ್ಣ ಏನಂದ? "ನನಗೆ ಪೈಪು-ಗೀಪು ಹಾಕಬೇಡಿ" ಅಂದ.

ಶಾರದತ್ತೆ, 9:50
ಹಲ್ಲು ಕೀಳಿಸುವಾಗಲೂ "ನನ್ನನ್ನು ಬಿಟ್ಟುಬಿಡಿ" ಅಂದಿದ್ದ. ಬಿಟ್ಟೆವಾ?

ರಘು, 9:53
ಅತ್ತೆ, ನಮ್ಮಪ್ಪ ದೊಡ್ಡಪ್ಪನನ್ನು ಸಾಯಿಸಿ ಅನ್ನುತ್ತಿಲ್ಲ. ಬಿಲ್ ಕೂಡ ನೋಡಬೇಕು ಅಲ್ವಾ?

ಶಾರದತ್ತೆ, 9:53
ಡಲ್ಲಾಸ್‌ನಿಂದ ಬಿಲ್ ಚೆನ್ನಾಗಿ ಕಾಣುತ್ತದೆ ನೋಡು.

ರಘು, 9:55
ಈ ಸಂದೇಶವನ್ನು ಅಳಿಸಲಾಗಿದೆ

ದೀಪಾ, 10:12
ಡ್ಯೂಟಿ ಮುಗಿಸಿ ಈಗ ನೋಡಿದೆ. ನಾಗ ಮಾವ, ಎರಡು ವಿಷಯ ಕಲಸಿಬಿಟ್ಟಿದ್ದೀರಿ. ಆ ಆದೇಶ, ಚೇತರಿಸಿಕೊಳ್ಳುವ ಆಸೆಯೇ ಇಲ್ಲ ಅಂತ ಡಾಕ್ಟರ್ ಹೇಳಿದವರಿಗೆ. ಮನೆಯವರು ಬೇಡ ಅಂದ ಕೂಡಲೇ ಯಾರೂ ಸ್ವಿಚ್ ಆರಿಸುವುದಿಲ್ಲ. ಆಸ್ಪತ್ರೆಯ ಮೂವರು ಡಾಕ್ಟರುಗಳ ಮಂಡಳಿ ನೋಡಬೇಕು. ಆಮೇಲೆ ಮೂವರ ಇನ್ನೊಂದು ಮಂಡಳಿ, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ದೊಡ್ಡ ಮಾವನಿಗೆ ಆಗಿರುವುದು ನ್ಯುಮೋನಿಯಾ. ಆಸೆ ಇಲ್ಲ ಅಂತ ಯಾರೂ ಹೇಳಿಲ್ಲ.

ದೀಪಾ, 10:15
ಕುತ್ತಿಗೆಗೆ ತೂತು ಅಂದರೆ ಮುಗಿಯಿತು ಅಂತಲ್ಲ. ಬಾಯಿಯ ಟ್ಯೂಬ್ ಜಾಸ್ತಿ ದಿನ ಇದ್ದರೆ ಗಂಟಲಿಗೆ ಪೆಟ್ಟು. ಕುತ್ತಿಗೆಯಲ್ಲಾದರೆ ಸೆಡೇಶನ್, ಅಂದರೆ ಮಂಪರಿನ ಔಷಧಿ, ಇಳಿಸಬಹುದು. ಬೇಡವಾದಾಗ ಟ್ಯೂಬ್ ತೆಗೆದರೆ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ.

ನಾಗರಾಜ ಚಿಕ್ಕಪ್ಪ, 10:18
ಹಾಗಾದರೆ ಅಣ್ಣನ ಮಾತಿಗೆ ಬೆಲೆ ಇಲ್ಲವಾ?

ದೀಪಾ, 10:21
ಇದೆ ಮಾವ. ಡಾಕ್ಟರಿಗೆ ಹೇಳಲೇಬೇಕು. ಬರೆದಿಟ್ಟಿದ್ದರೆ ಇನ್ನೂ ಗಟ್ಟಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದಾಗ ಅಂಥ ಪತ್ರಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಸಡಿಲಿಸಿದರು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು.

ಶಾರದತ್ತೆ, 10:22
ನೀನು ನನ್ನ ಮಗಳಾ, ಇವನ ವಕೀಲೆಯಾ?

ವಸುಧಾ, 10:31
ಎಲ್ಲ ಓದಿದೆ. ಒಳಗಿನಿಂದ ಸಿಸ್ಟರ್ ಯಾವಾಗ ಫೋನ್ ಮಾಡುತ್ತಾರೋ ಅಂತ ಮೊಬೈಲ್ ಸೈಲೆಂಟ್ ಮಾಡುವ ಹಾಗಿಲ್ಲ. ನೀವು ಒಂದೊಂದು ಮೆಸೇಜ್ ಹಾಕಿದಾಗಲೂ ಎದ್ದು ನಿಂತಿದ್ದೇನೆ.

ವಸುಧಾ, 10:36
ಚಿಕ್ಕಪ್ಪ, ಕಟಿಂಗ್ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಪೈಪಿನ ಮಾತು ಅಪ್ಪ ನನಗೂ ಹೇಳಿದ್ದರು. ದಿನಾ ಹನ್ನೊಂದಕ್ಕೆ ಡಾಕ್ಟರ್ ಕರೆದು ಮೂರು ನಿಮಿಷ ಮಾತಾಡುತ್ತಾರೆ. "ಸ್ಟೇಬಲ್" ಅನ್ನುತ್ತಾರೆ. ಅದನ್ನೇ ಸಂಜೆವರೆಗೆ ಹದಿನಾಲ್ಕು ಜನಕ್ಕೆ ಫೋನಿನಲ್ಲಿ ಒಪ್ಪಿಸುತ್ತೇನೆ. ಸ್ಟೇಬಲ್ ಅಂದರೆ ಒಳ್ಳೆಯದಾ ಅಂತ ಎಲ್ಲರೂ ಕೇಳುತ್ತಾರೆ. ನನಗೇನು ಗೊತ್ತು? ಕೇಳಬೇಕು ಅಂದುಕೊಂಡದ್ದು ಅಲ್ಲಿ ಹೋದಾಗ ಮರೆತೇ ಹೋಗುತ್ತದೆ. ನಾಳೆ ಸಹಿ ಕೇಳುತ್ತಾರೆ. ಯಾರಾದರೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ, ಅಷ್ಟೇ.

ದೀಪಾ, 10:40
ಸ್ಟೇಬಲ್ ಅಂದರೆ ನಿನ್ನೆಗಿಂತ ಕೆಟ್ಟಿಲ್ಲ ಅಂತ, ಅಷ್ಟೇ ವಸು. ಇವನ್ನು ಬರೆದುಕೊಂಡು ಹೋಗು: ಆಕ್ಸಿಜನ್ ಎಷ್ಟು ಪರ್ಸೆಂಟ್ ಕೊಡುತ್ತಿದ್ದಾರೆ, ಬಿಪಿ ಏರಿಸುವ ಔಷಧಿ ಇಳಿಯಿತಾ, ಮೂತ್ರ ಎಷ್ಟು ಹೋಗುತ್ತಿದೆ, ಸೆಡೇಶನ್ ಕಡಿಮೆ ಮಾಡಿದಾಗ ಕಣ್ಣು ಬಿಟ್ಟರಾ.

ನಾಗರಾಜ ಚಿಕ್ಕಪ್ಪ, 10:52
ನಾನು ಬರುತ್ತೇನೆ ವಸು. ರಾಜಾಜಿನಗರದಿಂದ ಬನಶಂಕರಿಗೆ ಒಂದೇ ಮೆಟ್ರೊ. ಯಾವ ಗೇಟು?

ವಸುಧಾ, 10:53
ಎರಡನೇ ಗೇಟು, ಮೂರನೇ ಮಹಡಿ. ಸ್ವೆಟರ್ ತನ್ನಿ, ಎಸಿ ಜಾಸ್ತಿ.

ಶಾರದತ್ತೆ, 10:58
ನಾಗ, ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ನಾನೂ ಹತ್ತುತ್ತೇನೆ. ವಸುಗೆ ಇಡ್ಲಿ ಡಬ್ಬಿ ತರುತ್ತೇನೆ, ನೀನು ಹಿಡಿದುಕೋ. ದಾರಿಯಲ್ಲಿ ಮಾತ್ರ ನನ್ನನ್ನು ಮಾತಾಡಿಸಬೇಡ.