ಹಳೆಯ ಪೀಚೆಕತ್ತಿ, ಒಡಿಕತ್ತಿ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ತೋಟದಮನೆ:
ವಿರಾಜಪೇಟೆ ಕಡೆ ಒಬ್ಬರು ಒಂದು ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಮಾರಾಟಕ್ಕಿಟ್ಟಿದ್ದಾರೆ. ಒರೆ ಸೇರಿ 31 ಸೆಂ.ಮೀ., ಅಲಗು 18. ಬಿಳಿ ಹಿಡಿ, ತುದಿ ಗಿಳಿಮೂತಿಯ ಹಾಗೆ ಬಾಗಿದೆ, ಆನೆದಂತ ಅಂತಾರೆ. ಮರದ ಒರೆಗೆ ಬೆಳ್ಳಿ ತಗಡು, ನಡುವೆ ಚಿನ್ನದ ಪಟ್ಟಿ. ಸರಪಳಿ 42 ಗ್ರಾಂ, ತುದಿಯಲ್ಲಿ ಚಿಮಟ, ಗುಗ್ಗೆ ತೆಗೆಯುವ ಕಡ್ಡಿ. ಜೊತೆಗೆ ಒಂದು ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ), ಅದನ್ನು ಬೆನ್ನ ಹಿಂದೆ ಸಿಕ್ಕಿಸುವ ಹಿತ್ತಾಳೆಯ ತೊಡಂಗ್. ಎಲ್ಲಾ 150 ವರ್ಷ ಹಳೆಯದಂತೆ. ನಿಜವೇ ಎಂದು ಹೇಗೆ ತಿಳಿಯೋದು? ಅಲಗಿನ ಮೇಲೆ ತುಕ್ಕಿದೆ, ಉಜ್ಜಿ ನೋಡಲೇ?

ಬೆಳ್ಳಿಕುಸುರಿ:
ಉಜ್ಜಬೇಡಿ. ತುಕ್ಕೇ ಮೊದಲ ಸಾಕ್ಷಿ. ಹಳೆಯ ತುಕ್ಕು ಕಡುಕಂದು, ಗಟ್ಟಿ, ಬೆರಳಿಗೆ ಹತ್ತೋದಿಲ್ಲ. ಹಿಡಿ ಹತ್ತಿರ ಒಂದು ತರಹ, ತುದಿಯಲ್ಲಿ ಇನ್ನೊಂದು ತರಹ ಇರುತ್ತೆ. ಆಸಿಡ್ ಹಾಕಿ ಮಾಡಿದ್ದು ಕಿತ್ತಳೆ ಬಣ್ಣ, ಎಲ್ಲ ಕಡೆ ಒಂದೇ ಸಮ.

ಆಮೇಲೆ ಒರೆಯ ಬಾಯಿ. ಕತ್ತಿ ಸಾವಿರ ಸಲ ಹೊರಗೆ ಬಂದು ಒಳಗೆ ಹೋಗಿದ್ದರೆ ಒಳಗಿನ ಮರ ಒಂದು ಪಕ್ಕ ಸವೆದಿರಬೇಕು. ಅಲಗು ಹಳೆಯದು, ಒರೆ ಬಾಯಿ ಚೂಪಾಗಿದೆ ಅಂದರೆ ಯಾರೋ ಜೋಡಿ ಮಾಡಿದ್ದಾರೆ. ಬೆಳ್ಳಿ ತಗಡಿನ ಬೆನ್ನು ತಿರುಗಿಸಿ ನೋಡಿ: ಬಡಿದು ಮಡಚಿ ಬೆಸೆದ ಗೆರೆ ಕಾಣಿಸಿದರೆ ಕೈಕೆಲಸ. ಹೂಬಳ್ಳಿಯ ತಗ್ಗುಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅಚ್ಚಿಗೆ ಎರಕ ಹೊಯ್ದದ್ದು. ಉಬ್ಬಿದ ಭಾಗ ನುಣ್ಣಗೆ ಸವೆದು ತಗ್ಗು ಕಪ್ಪಾಗಿರಬೇಕು. ಎರಡೂ ಒಂದೇ ಕಪ್ಪಾಗಿದ್ದರೆ ಆ ಕಪ್ಪು ಮೊನ್ನೆ ಬಳಿದದ್ದು.

ಬೆಳ್ಳಿಯೋ ಜರ್ಮನ್ ಸಿಲ್ವರೋ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಅನ್ನೋದಕ್ಕೆ ಅಯಸ್ಕಾಂತ ನಂಬಬೇಡಿ, ಎರಡನ್ನೂ ಅದು ಎಳೆಯೋದಿಲ್ಲ. ಸರಪಳಿ ಬಿಚ್ಚಲು ಬಂದರೆ ಹೀಗೆ ಮಾಡಿ: ಅಕ್ಕಸಾಲಿಗರ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಸರಪಳಿಯನ್ನು ದಾರದಲ್ಲಿ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳ ಮುಟ್ಟಬಾರದು. 42 ಗ್ರಾಂ ಬೆಳ್ಳಿಯಾದರೆ ತಕ್ಕಡಿ ಸುಮಾರು 4.0 ಗ್ರಾಂ ತೋರಿಸುತ್ತೆ, ತಾಮ್ರ ಹೆಚ್ಚು ಬೆರೆತಿದ್ದರೆ 4.2. ಜರ್ಮನ್ ಸಿಲ್ವರ್ ಆದರೆ 4.8ರ ಹತ್ತಿರ. ಕೊಂಡಿಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ಹಾಳು, ಮೊದಲೇ ನೀರಲ್ಲಿ ಅಲ್ಲಾಡಿಸಿ. ಚಿನ್ನದ ಪಟ್ಟಿಗೆ ಆಭರಣದಂಗಡಿಯಲ್ಲಿ ಲೋಹದ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಸಾಕು ಅಂತ ಹೇಳುವವರಿದ್ದಾರೆ. ಅದು ಮೇಲ್ಪದರವನ್ನಷ್ಟೇ ಓದುತ್ತೆ, ದಪ್ಪ ಚಿನ್ನದ ಲೇಪ ಕೂಡ ಚಿನ್ನ ಅಂತಲೇ ಬರಬಹುದು.

ಜಮ್ಮಾಗದ್ದೆ:
ಹಿಡಿ ನಿಜವಾಗಿ ಆನೆದಂತವಾದರೆ ಇಲ್ಲಿಗೇ ನಿಲ್ಲಿಸಿ. ಭಾರತದ ಆನೆಯ ದಂತದ ವ್ಯಾಪಾರ 1986ರಿಂದ ನಿಷಿದ್ಧ, ಎಷ್ಟೇ ಹಳೆಯ ವಸ್ತುವಾದರೂ ಅಷ್ಟೇ. ಮಾರುವವರ ಹತ್ತಿರ ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ವಾರಸುದಾರಿಕೆಯಲ್ಲಿ ಮಾತ್ರ ಕೈ ಬದಲಾಗಬಹುದು, ಆಗಲೂ 90 ದಿನದೊಳಗೆ ಘೋಷಣೆ ಕೊಡಬೇಕು. "ಉಡುಗೊರೆ ಅಂತ ಬರೆದುಕೊಡ್ತೇನೆ" ಅಂದರೆ ಒಪ್ಪಬೇಡಿ. ಕಡವೆ ಕೊಂಬಿನ ಹಿಡಿಗೂ ವನ್ಯಜೀವಿ ಕಾಯ್ದೆ ಅನ್ವಯಿಸುತ್ತೆ. ಸಾಕಿದ ಎಮ್ಮೆಯ ಕೊಂಬಿಗೆ ಆ ತೊಡಕಿಲ್ಲ.

ದಂತ ಹೌದೋ ಅಲ್ಲವೋ ನೋಡಲು ಹತ್ತು ಪಟ್ಟಿನ ಮಸೂರ ಸಾಕು. ಹಿಡಿಯ ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಬಲೆ ಕಂಡರೆ ದಂತ. ಸಣ್ಣ ಕಪ್ಪು ಚುಕ್ಕಿ, ತುಂಡು ಗೀರುಗಳಿದ್ದರೆ ಮೂಳೆ. ಸಮಾನಾಂತರ ಗೆರೆ ಮಾತ್ರ ಇದ್ದು, ಅಚ್ಚಿನ ಏಣು ಕಂಡರೆ ಪ್ಲಾಸ್ಟಿಕ್. ಕಾದ ಸೂಜಿ ಚುಚ್ಚುವ ಪರೀಕ್ಷೆ ಬೇಡ, ಕಲೆ ಉಳಿಯುತ್ತೆ.

ಇನ್ನೊಂದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಆಯುಧ ಕಾಯ್ದೆಯ ಪರವಾನಗಿ ವಿನಾಯಿತಿ ಆಯಾ ವ್ಯಕ್ತಿಗೆ ಸೇರಿದ್ದು, ಕತ್ತಿಯ ಜೊತೆ ಕೊಂಡವರಿಗೆ ಬರೋದಿಲ್ಲ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸಲು 1972ರ ಪುರಾವಸ್ತು ಕಾಯ್ದೆ ಬಿಡೋದಿಲ್ಲ.

ಕೊಲ್ಲನಕುಲುಮೆ:
ಒಡಿಕತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಅದರ ಹರಿತ ಒಳಬಾಗಿನ ಕಡೆ. ಬೆನ್ನಿನ ದಪ್ಪ ಹಿಡಿ ಹತ್ತಿರ, ನಡುವೆ, ತುದಿಯಲ್ಲಿ ಕ್ಯಾಲಿಪರ್ ಹಿಡಿದು ಅಳೆಯಿರಿ. ಕೈಯಲ್ಲಿ ಬಡಿದ ಹಳೆಯ ಅಲಗು ತುದಿಗೆ ಹೋಗುತ್ತಾ ತೆಳುವಾಗುತ್ತೆ. ಮೂರೂ ಕಡೆ ಒಂದೇ ಅಳತೆ ಬಂದರೆ ಲಾರಿಯ ಪಟ್ಟಾ ಕಮಾನಿನಿಂದ ಕತ್ತರಿಸಿದ್ದಿರಬಹುದು. ಅದು ಖೋಟಾ ಅಲ್ಲ, ಕೊಡವ ಮದುವೆಯಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಅದೇ ವಾಸಿ. ಹಳೆಯದು ಅಂತ ದುಡ್ಡು ಕೇಳಿದರೆ ಮಾತ್ರ ಜಗಳ. ಸಾಣೆಕಲ್ಲು ಹಿಡಿಯ ಬುಡದವರೆಗೆ ಹೋಗೋದಿಲ್ಲ, ಹಾಗಾಗಿ ಬಹಳ ಸಲ ಮಸೆದ ಅಲಗು ಬುಡದಲ್ಲಿ ಅಗಲ ಉಳಿಸಿಕೊಂಡು ಮುಂದೆ ಸವೆದಿರುತ್ತೆ. ತೊಡಂಗಿನ ಸೀಳನ್ನೂ ನೋಡಿ: ಅಲಗು ತಾಗುವ ಅಂಚು ಉರುಟಾಗಿರಬೇಕು, ಅರದ ಗೀರು ಇನ್ನೂ ಇದ್ದರೆ ಹೊಸದು.

ತೋಟದಮನೆ:
ಮಸೂರದಲ್ಲಿ ಕಪ್ಪು ಚುಕ್ಕಿಗಳೇ ಕಾಣಿಸಿದವು, ಗೆರೆಗಳ ಬಲೆ ಇಲ್ಲ. ಸರಪಳಿ 4.1 ತೋರಿಸಿತು. ಹಿಡಿ ಸ್ವಲ್ಪ ಅಲ್ಲಾಡುತ್ತೆ. ಅರಾಲ್ಡೈಟ್ ಹಾಕಬಹುದೇ? ತೊಡಂಗನ್ನು ಕಾಚಂಪುಳಿಯಲ್ಲಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ತೊಳೆದರೆ?

ಬೆಳ್ಳಿಕುಸುರಿ:
ಹಾಗಾದರೆ ಮೂಳೆ ಹಿಡಿ, ಒಳ್ಳೆಯ ಬೆಳ್ಳಿ. ಕಾಡಿನ ಪ್ರಾಣಿಯ ಮೂಳೆಯಲ್ಲ ಅನ್ನೋದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ದಂತದ ಬೆಲೆ ಕೊಡಬೇಡಿ.

ಕೊಲ್ಲನಕುಲುಮೆ:
ಅರಾಲ್ಡೈಟ್ ಬೇಡವೇ ಬೇಡ. ಮುಂದೆ ಬಿಚ್ಚಬೇಕಾದಾಗ ಮೂಳೆಯೇ ಒಡೆಯುತ್ತೆ. ಹಿಡಿಯೊಳಗೆ ಅರಗು ತುಂಬಿದ್ದರೆ ಅದೇ ಒಣಗಿ ಬಿರಿದಿರುತ್ತೆ, ಅರಗಿಗೆ ನುಣ್ಣನೆಯ ಇಟ್ಟಿಗೆಪುಡಿ ಬೆರೆಸಿ ಮತ್ತೆ ಕೂರಿಸಬಹುದು. ಮೊಳೆ ಬಡಿದ ಎರಡು ಹೋಳಿನ ಹಿಡಿಯಾದರೆ ಹಾಗೇ ಬಿಡಿ. ಬಿಸಿನೀರು ಯಾವುದಕ್ಕೂ ತಾಗಿಸಬೇಡಿ, ಅರಗು ಮೆತ್ತಗಾಗುತ್ತೆ.

ಕಾಚಂಪುಳಿ ಪಂದಿಕರಿಗೆ ಇರಲಿ. ಆ ಹುಳಿ ಒಂದು ಹನಿ ಅಲಗಿಗೆ ತಾಗಿದರೂ ಉಕ್ಕನ್ನು ಕೊರೆದು ಬೂದು ಮಚ್ಚೆ ಬಿಡುತ್ತೆ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಎರಡು ದಿನ ಬಿಡಿ, ಬಿದಿರಿನ ಚಕ್ಕೆಯಿಂದ ಸಡಿಲ ತುಕ್ಕನ್ನು ಮಾತ್ರ ಕೆರೆದು ಬಟ್ಟೆಯಲ್ಲಿ ಒರೆಸಿ. ಗಟ್ಟಿ ಕಂದು ಪದರ ಇರಲಿ. ಮಳೆಗಾಲ ಪೂರ್ತಿ ಕತ್ತಿಯನ್ನು ಒರೆಯೊಳಗೆ ಇಡಬೇಡಿ, ಮರ ತೇವ ಹಿಡಿದಿಟ್ಟುಕೊಳ್ಳುತ್ತೆ. ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್ ಹಾಕಿ. ಬೆಳ್ಳಿ ಪಕ್ಕ ರಬ್ಬರ್ ಬ್ಯಾಂಡ್, ಉಣ್ಣೆ ಬೇಡ, ಕಪ್ಪಾಗುತ್ತೆ. ಕೈಲ್ ಪೊಳ್ದ್‌ಗೆ (ಕೊಡವರ ಆಯುಧಪೂಜೆ ಹಬ್ಬ) ಕತ್ತಿಗೆ ಚಂದನದ ಬೊಟ್ಟು ಇಡುವವರು ಅವತ್ತು ಸಂಜೆಯೇ ಒರೆಸಿ ಎಣ್ಣೆ ಹಚ್ಚಿ, ಒಣಗಿದ ಬೊಟ್ಟಿನ ಅಡಿಯಲ್ಲಿ ಗುಂಡಗೆ ತುಕ್ಕು ಏಳುತ್ತೆ.